ಮಾರಮ್ಮನ ಕೋಳಿ ಮುಟ್ಟಿದ ನೀರು

ಹರದನಹಳ್ಳಿಯ ನಮ್ಮ ಹಿತ್ತಿಲಲ್ಲಿ ಅವ್ವ ಒಂದು ಹೇಂಟೆಯನ್ನು ಮಾರಮ್ಮನ ಹರಕೆಗೆಂದು ಬಿಟ್ಟಿದ್ದಳು. ಕಾಳು ಹಾಕಿದರೆ ಮೊದಲು ಅದಕ್ಕೆ, ಉಳಿದ ಕೋಳಿಗಳಿಗೆ ಆಮೇಲೆ. ಐವತ್ತರ ದಶಕದ ಒಂದು ಮಾಗಿಯಲ್ಲಿ ಅದರ ಕಣ್ಣು ಊದಿ ಮುಚ್ಚಿಕೊಂಡಿತು. ಉಸಿರೆಳೆದಾಗಲೆಲ್ಲ ಗೊರ ಗೊರ ಸದ್ದು. ಅವ್ವ ಬಟ್ಟಲಲ್ಲಿ ಅರಿಶಿನದ ನೀರು ಕಲಸಿ, ಬಟ್ಟೆ ಅದ್ದಿ, ಆ ಕಣ್ಣು ತೊಳೆದಳು. ನಾನು ನೀರು ಚೆಲ್ಲಲು ಹೋದರೆ ಕೈ ಹಿಡಿದಳು.

"ಚೆಲ್ಬ್ಯಾಡ ಕಣಮ್ಮಿ, ಅಮ್ಮನ್ ಕೋಳಿ ಮುಟ್ಟುದ್ ನೀರು. ತೀರ್ಥ ಇದ್ದಂಗೆ."

ಅದೇ ನೀರು, ಅದೇ ಬಟ್ಟೆಯಿಂದ ಮಿಕ್ಕ ಕೋಳಿಗಳ ಕಣ್ಣನ್ನೂ ಒರೆಸಿದಳು. ಅವಕ್ಕಿನ್ನೂ ಏನೂ ಆಗಿರಲಿಲ್ಲ. ಆಗದಿರಲಿ ಎಂದೇ ಒರೆಸಿದ್ದು. ಕೆಲವೇ ದಿನಗಳಲ್ಲಿ ಹಿತ್ತಿಲ ತುಂಬ ಅದೇ ಗೊರ ಗೊರ. ಒಂದೊಂದಾಗಿ ಎಲ್ಲವೂ ಸತ್ತವು. ಹರಕೆಯದು ಮಾತ್ರ ಬದುಕಿತು, ಎರಡೂ ಕಣ್ಣು ಕಳೆದುಕೊಂಡು.

ಅದನ್ನು ಮಂಕರಿಯಲ್ಲಿ ಹೊತ್ತು ಚಾಮರಾಜನಗರದ ದನದ ಆಸ್ಪತ್ರೆಗೆ ಹೋದೆವು. ಕಾಂಪೌಂಡರು ಎಲ್ಲ ಕೇಳಿ, "ರೋಗಾನ ನೀನೇ ಹಂಚ್ಬುಟ್ಟಲ್ಲವ್ವ" ಎಂದರು. ಅವ್ವ ಮಂಕರಿ ಎತ್ತಿಕೊಂಡು ಊರ ದಾರಿ ಹಿಡಿದಳು.

ನನಗೆ ಆ ಕೋಳಿಯ ಮುಖ ಕಂಡರೇ ಸಿಟ್ಟು. ಹರಕೆಯದನ್ನು ಮಾರುವಂತಿಲ್ಲ, ಕುಯ್ದು ತಿನ್ನುವಂತಿಲ್ಲ. ಕುರುಡಾದದ್ದನ್ನು ಮಾರಮ್ಮನಿಗೆ ಒಪ್ಪಿಸುವಂತೆಯೂ ಇಲ್ಲ. ಅದು ವರ್ಷಗಟ್ಟಲೆ ಬದುಕಿತು. ಬೆಳಗಾದರೆ ಅವ್ವ ಖಾಲಿ ಹಿತ್ತಿಲಲ್ಲಿ ರಾಗಿ ಚೆಲ್ಲುತ್ತಿದ್ದಳು. ಅದು ಗೊರ ಗೊರ ಎನ್ನುತ್ತ ಬಂದು, ತಡವರಿಸಿ ನಾಲ್ಕು ಕಾಳು ತಿಂದು, ಉಳಿದ ಕೋಳಿಗಳು ಬಂದು ತಿನ್ನಲೆಂದು ಪಕ್ಕಕ್ಕೆ ಸರಿದು ನಿಲ್ಲುತ್ತಿತ್ತು.