ನೂರಕ್ಕೆ ತೊಂಬತ್ತೈದು

ನಾನು ಸತ್ತಾಗ ನಾನು ಬಾಲಾನಗರದ ನಮ್ಮ ಮನೆಯ ನಡುಕೋಣೆಯಲ್ಲಿ, ಸೋಫಾದ ಹಿಂದೆ, ಟೀವಿಗೆ ನೇರ ಎದುರಾಗಿ ನಿಂತಿದ್ದೆ. ಭಾನುವಾರ, ಊಟವಾಗಿ ಸ್ವಲ್ಪ ಹೊತ್ತಾಗಿತ್ತು. ಎಡಗೈ ಸೋಫಾದ ಬೆನ್ನಿನ ಮೇಲಿತ್ತು, ಬಲಗೈಯಲ್ಲಿ ಮಜ್ಜಿಗೆಯ ಲೋಟವಿತ್ತು. ಇಷ್ಟು ವಿವರ ಏಕೆಂದರೆ, ತನ್ನ ಸಾವನ್ನು ತಾನೇ ನಿಂತು ನೋಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಸಿಕ್ಕವನು ನೆಟ್ಟಗೆ ವರದಿ ಕೊಡಬೇಕು. ಒಬ್ಬ ದೈತ್ಯ ಗದೆ ಎತ್ತಿದ, ಇಳಿಸಿದ. ನಾನು ಬಿದ್ದೆ. ಸೋಫಾದ ಮೇಲೆ ಕೂತಿದ್ದ ಪಕ್ಕದ ಮನೆಯ ಅನಸೂಯಮ್ಮ "ಅಯ್ಯಯ್ಯೋ, ಅಣ್ಣಯ್ಯಗಾರು ಪೋಯಾರು!" ಎಂದು ತಮ್ಮ ತೆಲುಗಿನಲ್ಲಿ ಕೂಗಿದರು. ಆಮೇಲೆ ತಿರುಗಿ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. ನನ್ನ ಹೆಂಡತಿ ಕಮಲಾ ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನಿಂದ ಅದರ ಗುಂಡಿಗಳನ್ನು ಒರೆಸಿದಳು. ನಾನು ಮಜ್ಜಿಗೆ ಮುಗಿಸಿದೆ.

ಸತ್ತವನು ಗುರುನಾಥ ಎಂಬ ನನ್ನ ಹೆಸರಿನ ಸಿಪಾಯಿ, ಒಂದು ವಿಡಿಯೋ ಗೇಮಿನೊಳಗಿನವನು. ಕಮಲಾಳ ತಂಗಿಯ ಮಗಳು ನಮ್ಮಲ್ಲಿದ್ದು ಓದುತ್ತಿದ್ದಳು. ಹಾಸ್ಟೆಲಿಗೆ ಹೋಗುವಾಗ "ಮೌಶಿ, ನೀ ಆಡು, ನಿನಗ ಇದು ಒಗ್ಗತೈತಿ" ಎಂದು ಆಟದ ಪೆಟ್ಟಿಗೆಯನ್ನು ಬಿಟ್ಟುಹೋದಳು. ನಾನು ನಕ್ಕೆ. ಗದಗಿನಲ್ಲಿ ಬೆಳೆದ ಕಮಲಾ ಬಾಲ್ಯದಲ್ಲಿ ಚೌಕಾಬಾರಾದಲ್ಲಿ ಓಣಿಯ ಗಂಡಸರನ್ನೆಲ್ಲ ಸೋಲಿಸಿ, ಕಡೆಗೆ ಅವಳೊಡನೆ ಆಡುವವರೇ ಇಲ್ಲದಂತಾಗಿತ್ತು ಎಂಬುದು ನನಗೆ ಮರೆತಿತ್ತು.

ಆಟವೂ ಚೌಕಾಬಾರಾದ ದೂರದ ನೆಂಟನೇ. ನೆಲವೆಲ್ಲ ಮನೆಮನೆಯಾಗಿ ಗೆರೆ ಕೊಯ್ದಿರುತ್ತದೆ. ನಮ್ಮ ಕಡೆ ಆರು ಜನ. ಎದುರಿಗೆ ದೈತ್ಯರು, ಕಳ್ಳರು, ಕೆಲವೊಮ್ಮೆ ಎದ್ದು ಬಂದ ಹೆಣಗಳು. ಮೊದಲು ನಮ್ಮವರು ಒಬ್ಬೊಬ್ಬರಾಗಿ ನಡೆಯಬೇಕು, ಹೊಡೆಯಬೇಕು. ನಂತರ ಅವರ ಸರದಿ. ಸತ್ತವರು ಸತ್ತರು, ಮತ್ತೆ ಬರುವುದಿಲ್ಲ. ಸುಲಭದ ಆಟ ಬೇಕೆಂದರೆ ಹಿಂದಕ್ಕೆ ಹೋಗಿ ತಪ್ಪು ತಿದ್ದಿಕೊಳ್ಳಲು ಅವಕಾಶವಿದೆಯಂತೆ. ಕಮಲಾ ಅದನ್ನು ಮೊದಲ ದಿನವೇ ತೆಗೆದುಹಾಕಿದಳು. "ಸತ್ತವರು ಎದ್ದ ಬಂದ್ರ ಅದೇನ್ ಆಟ್ರಿ? ನಾಟಕ ಅದು" ಎಂದಳು.

ಸಿಪಾಯಿಗಳಿಗೆ ಆಟವೇ ಕೊಡುವ ಹೆಸರುಗಳು ನಾಲಿಗೆಗೆ ತೊಡರುತ್ತಿದ್ದವು. ಅವನ್ನು ಅಳಿಸಿ ಬಂಧುಬಳಗದ ಹೆಸರಿಟ್ಟಳು. ಅನಸೂಯಮ್ಮ ಬಿಲ್ಲುಗಾರ್ತಿಯಾದರು. ಅಂದಿನಿಂದ ಅವರು ಮಧ್ಯಾಹ್ನದ ಸೀರಿಯಲ್ ಬಿಟ್ಟು ನಮ್ಮಲ್ಲಿಗೆ ಬರತೊಡಗಿದರು. ತೀರಿಹೋದ ನನ್ನ ತಾಯಿಗೆ ಮಾಟಗಾತಿಯ ಕೆಲಸ ಸಿಕ್ಕಿತು. ಆ ಆಯ್ಕೆಯ ಬಗ್ಗೆ ನಾನು ವಿವರಣೆ ಕೇಳಲಿಲ್ಲ. ನನ್ನ ಹೆಸರನ್ನು ಭರ್ಜಿ ಹಿಡಿದ ಭಾರೀ ಆಳಿಗೆ ಇಟ್ಟಳು. ಒಂದು ಸರದಿಯಲ್ಲಿ ಎಲ್ಲರೂ ಆರು ಮನೆ ನಡೆದರೆ ಅವನು ಮೂರು ನಡೆಯುತ್ತಿದ್ದ. "ನೋಡ್ರಿ, ನೀವ ಕುಂತಂಗ ಕುಂತಾನ" ಎಂದು ನನಗೇ ತೋರಿಸುತ್ತಿದ್ದಳು.

ನನಗೆ ಆ ಆಟದಲ್ಲಿ ಬಹಳ ಹಿಡಿಸಿದ್ದು ಸರದಿ. ಬೇಗಂಪೇಟೆಯ ರಸ್ತೆಯನ್ನು ಸಂಜೆ ದಾಟಿದವರಿಗೆ ನನ್ನ ಮಾತು ತಿಳಿದೀತು. ಅಲ್ಲಿ ಬಸ್ಸು, ಆಟೋ, ಸ್ಕೂಟರು, ನೀರಿನ ಟ್ಯಾಂಕರು ಎಲ್ಲವೂ ಏಕಕಾಲಕ್ಕೆ ತಮ್ಮದೇ ಸರದಿ ಎಂದು ತಿಳಿದಿರುತ್ತವೆ. ಆಟದಲ್ಲಿ ಹಾಗಿಲ್ಲ. ಬೆಟ್ಟದಂಥ ದೈತ್ಯ ಗದೆಯನ್ನು ಹೆಗಲ ಮೇಲಿಟ್ಟುಕೊಂಡು, ಉಸಿರಾಡುತ್ತ, ಕಮಲಾ ಯೋಚಿಸಿ ಮುಗಿಸುವವರೆಗೂ ಕಾಯುತ್ತಾನೆ. ನಡುವೆ ಅವಳು ಎದ್ದು ಹೋಗಿ ಕುಕ್ಕರ್ ಇಳಿಸಿ, ಹಾಲಿನವನ ಜೊತೆ ಜಗಳವಾಡಿ, ಚಹಾ ಕುಡಿದು ಬರಲಿ. ಅವನು ಅಲ್ಲೇ ನಿಂತಿರುತ್ತಾನೆ. ಕೊಲ್ಲಲು ಬಂದವನಲ್ಲಿ ಇಷ್ಟು ಸೌಜನ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಪಗಡೆಯನ್ನು ಕಂಡುಹಿಡಿದ ನಮ್ಮ ಹಿರಿಯರು ಲೋಕಕ್ಕೆ ಕೊಟ್ಟ ದೊಡ್ಡ ಕಾಣಿಕೆ ದಾಳವಲ್ಲ, "ಈಗ ನೀನು, ಆಮೇಲೆ ನಾನು" ಎಂಬ ಒಪ್ಪಂದ ಎಂದು ನನಗನ್ನಿಸುತ್ತದೆ. ಅದನ್ನು ಆಡಿದವರು ರಾಜ್ಯ ಕಳೆದುಕೊಂಡರು ನಿಜ. ಆದರೆ ಸರದಿ ತಪ್ಪಿಸಿ ಕಳೆದುಕೊಳ್ಳಲಿಲ್ಲ.

ಇನ್ನು ಅಂಕಿಯ ವಿಷಯ. ಹೊಡೆಯುವ ಮೊದಲು ಪರದೆಯ ಮೂಲೆಯಲ್ಲಿ ಒಂದು ಅಂಕಿ ಬರುತ್ತದೆ: ಈ ಏಟು ತಾಗುವ ಸಾಧ್ಯತೆ ನೂರಕ್ಕೆ ಇಷ್ಟು. ಅದನ್ನು ಓದುವ ಕೆಲಸ ನನ್ನದು. ನಾನು ವಿಮಾನದ ಉಪಕರಣಗಳ ಬಿಡಿಭಾಗ ಪರೀಕ್ಷಿಸುವ ಇನ್‌ಸ್ಪೆಕ್ಟರಾಗಿ ಇಲ್ಲಿನ ಕಾರ್ಖಾನೆಯೊಂದರಿಂದ ನಿವೃತ್ತನಾದವನು. ನಿವೃತ್ತಿಯ ನಂತರ ಅಡುಗೆಮನೆಯ ಡಬ್ಬಿಗಳನ್ನು ಪರೀಕ್ಷಿಸತೊಡಗಿದಾಗ ಕಮಲಾ, "ಅಲ್ಲಿ ನಿಂತು ಸುಮ್ಮ ನೋಡೋದಕಿಂತ ಇಲ್ಲಿ ಬಂದು ಅಂಕಿ ಓದ್ರಿ" ಎಂದು ಕೆಲಸ ಕೊಟ್ಟಳು. ನಾನು ಓದಿ ಹೇಳುವ ತನಕ ಗುಂಡಿ ಒತ್ತುತ್ತಿರಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ನೂರಕ್ಕೆ ಇಷ್ಟು ಎಂಬ ಮಾತೇ ಇರಲಿಲ್ಲ. ಅಳತೆ ನೋಡುವ ಗೇಜಿನ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು, ಅಷ್ಟೇ. ಆದ್ದರಿಂದ ಈ ಹೊಸ ಲೆಕ್ಕವನ್ನು ನಾನು ಶ್ರದ್ಧೆಯಿಂದ, ಸ್ವಲ್ಪ ಗಂಟಲು ಸರಿಮಾಡಿಕೊಂಡು ಓದುತ್ತಿದ್ದೆ.

ಆ ಭಾನುವಾರ ಗುರುನಾಥನ ಪಕ್ಕದ ಮನೆಗೆ ದೈತ್ಯ ಬಂದು ನಿಂತಿದ್ದ. ಇನ್ನೊಂದು ಏಟು ಬಿದ್ದರೆ ಅವನು ಸಾಯುತ್ತಿದ್ದ. ಗುರುನಾಥನೂ ಅದೇ ಸ್ಥಿತಿಯಲ್ಲಿದ್ದ. ಆ ಸರದಿಗೆ ಇನ್ನೊಂದೇ ನಡೆ ಉಳಿದಿತ್ತು, ಕಮಲಾಳಿಗೆ ಎರಡು ದಾರಿ. ಗುರುನಾಥನನ್ನು ಗೋಡೆಯ ಹಿಂದಕ್ಕೆ ಸರಿಸಿ ಉಳಿಸಿಕೊಳ್ಳುವುದು, ಇಲ್ಲವೇ ಅನಸೂಯಮ್ಮನಿಂದ ಬಾಣ ಬಿಡಿಸಿ ದೈತ್ಯನನ್ನು ಮುಗಿಸುವುದು. ಬಾಣ ತಪ್ಪಿದರೆ ಮುಂದಿನ ಸರದಿ ದೈತ್ಯನದು.

"ಎಷ್ಟ ಐತಿ?" ಎಂದು ಕೇಳಿದಳು.

"ತೊಂಬತ್ತೈದು" ಎಂದೆ.

ಕಮಲಾ ಒಮ್ಮೆ ತಿರುಗಿ ನನ್ನ ಮುಖ ನೋಡಿದಳು. ಅನಸೂಯಮ್ಮ ತಮ್ಮ ಬಳೆ ತಿರುಗಿಸಿಕೊಂಡರು. ಕಮಲಾ ಗುಂಡಿ ಒತ್ತಿದಳು. ಬಾಣ ದೈತ್ಯನ ಕಿವಿಯ ಪಕ್ಕದಿಂದ ಹೋಯಿತು. ಉಳಿದದ್ದನ್ನು ಮೊದಲೇ ಹೇಳಿದ್ದೇನೆ.

ಅದೇ ವಾರ ಬೇಗಂಪೇಟೆಯ ಕಣ್ಣಿನ ಡಾಕ್ಟರಮ್ಮ ನನ್ನ ಎಡಗಣ್ಣಿನ ಪೊರೆ ಬಲಿತಿದೆ, ತೆಗೆಸಬೇಕು ಎಂದರು. ನನ್ನ ಬಲಗಣ್ಣು ಹುಟ್ಟಿನಿಂದ ಮಂದ; ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ತಿಳಿಯದು. ಭೂತಗನ್ನಡಿಗೆ ಒಂದು ಕಣ್ಣು ಸಾಕಾದ್ದರಿಂದ ನೌಕರಿಯಲ್ಲಿ ತೊಂದರೆಯಾಗಲಿಲ್ಲ. ಬದುಕಿದ್ದೆಲ್ಲ ಎಡಗಣ್ಣಿನಲ್ಲಿ. ಏನಾದರೂ ಎಡವಟ್ಟಾದರೆ ಎಂದು ಕೇಳಿದೆ. ಡಾಕ್ಟರಮ್ಮ ಹಿಂದಿಯಲ್ಲಿ, ನಗುತ್ತಲೇ, ನಿಮ್ಮ ಕಣ್ಣಿಗೆ ನೂರಕ್ಕೆ ತೊಂಬತ್ತೈದು ಅಂತ ಇಟ್ಟುಕೊಳ್ಳಿ, ಗಾಬರಿ ಬೇಡ ಎಂದರು.

ನಾನು ಎದ್ದು ಚಪ್ಪಲಿ ಹುಡುಕಿದೆ. ತೊಂಬತ್ತೈದು ಎಂದರೇನು ಎಂದು ಅವರಿಗೆ ಪುಸ್ತಕದಿಂದ ಗೊತ್ತಿತ್ತು. ನಾನು ಅದು ಕಿವಿಯ ಪಕ್ಕದಿಂದ ಹೋದದ್ದನ್ನು ಕಂಡಿದ್ದೆ.

ಮುಂದಿನ ಕೆಲವು ತಿಂಗಳು ನಾನು ಆಪರೇಷನ್ನಿನ ಮಾತು ಬಂದಾಗಲೆಲ್ಲ ಗುರುನಾಥನ ಸಾವನ್ನು ಸಾಕ್ಷಿಗೆ ಕರೆದೆ. ಇತ್ತ ಲೋಕ ಸ್ವಲ್ಪ ಸ್ವಲ್ಪವಾಗಿ ಹಾಲು ಬೆರೆಸಿದಂತಾಗುತ್ತಿತ್ತು. ಒಮ್ಮೆ ಕೋಠಿಗೆಂದು ಬಸ್ಸು ಹತ್ತಿ ಊರ ಇನ್ನೊಂದು ತುದಿಯಲ್ಲಿ ಇಳಿದೆ. ಬೋರ್ಡು ಬರೆದವನನ್ನು ಬೈದು, ಅಲ್ಲೇ ಒಂದು ಇರಾನಿ ಚಹಾ ಕುಡಿದು, ಹೇಗೂ ಈ ಕಡೆ ಬರಬೇಕೆಂದಿತ್ತು ಎಂದು ನನಗೆ ನಾನೇ ಹೇಳಿಕೊಂಡು ವಾಪಸಾದೆ. ಆಟದ ಅಂಕಿಗಳನ್ನು ಮಾತ್ರ ಓದುವುದು ಬಿಡಲಿಲ್ಲ. ಅದೇನೋ ನಮ್ಮ ಪಡೆಗೆ ಆಗ ಗ್ರಹಚಾರ ಸರಿಯಿರಲಿಲ್ಲ. ಒಳ್ಳೊಳ್ಳೆಯ ಅಂಕಿಗಳಿದ್ದರೂ ಏಟುಗಳು ತಪ್ಪುತ್ತಿದ್ದವು. ನನ್ನ ತಾಯಿ ಹೋದರು. ಕಮಲಾಳ ಅಣ್ಣ ಹೋದ.

ಒಂದು ಮಧ್ಯಾಹ್ನ ಕಮಲಾ ಮತ್ತು ಅನಸೂಯಮ್ಮ ಪುಂಡಿಪಲ್ಯದ ಎಲೆ ಬಿಡಿಸುತ್ತ ಕೂತಿದ್ದರು. ಆಸ್ಪತ್ರೆಯಿಂದ ಮತ್ತೆ ಫೋನು ಬಂತು. ಬೇಡ ಎಂದು ಇಟ್ಟೆ.

"ಅಣ್ಣಯ್ಯಾ, ಚೇಯಿಂಚುಕೋಂಡಿ" ಎಂದರು ಅನಸೂಯಮ್ಮ. ಮಾಡಿಸಿಕೊಳ್ಳಿ ಎಂದು.

"ನೀವ ನೋಡೀರಲ್ಲ ಅನಸೂಯಮ್ಮ. ತೊಂಬತ್ತೈದಿತ್ತು. ಏನಾತು?"

ಅನಸೂಯಮ್ಮ ಎಲೆಯೊಂದನ್ನು ಬಹಳ ಹೊತ್ತು ನೋಡಿದರು. ಅದರಲ್ಲಿ ಹುಳುವಿರಲಿಲ್ಲ.

"ತೊಂಬತ್ತೈದ ಇರಲಿಲ್ರಿ" ಎಂದಳು ಕಮಲಾ, ತಲೆಯೆತ್ತದೆ.

"ಮತ್ತ?"

"ಅರವತ್ತೈದ."

ನಾನು ಕೂತುಕೊಂಡೆ. "ನಿನಗ ಕಾಣಸಿತ್ತೇನು?"

"ನನಗ ಮದಲಿಂದ ಕಾಣಸ್ತೈತ್ರಿ. ಚಾಳೀಸ ಬೇಕಾಗೋದು ಸೂಜಿ ಪೋಣಿಸಾಕ, ಟೀವಿ ನೋಡಾಕಲ್ಲ."

"ಮತ್ಯಾಕ ಹೊಡದಿ?"

"ನೀವು ಓದಿದ್ರಲ್ಲ."

ಕಮಲಾ ಇನ್ನೆರಡು ಎಲೆ ಮುರಿದಳು. ಆಮೇಲೆ ಅವಳೇ ಹೇಳಿದಳು: "ಅರವತ್ತೈದಕ್ಕ ನಾ ಎಂದರ ಬಾಣ ಬಿಟ್ಟೇನೇನ್ರಿ? ನಿಮ್ಮನ್ನ ಹಿಂದ ಸರಸ್ತಿದ್ದೆ. ನೀವು ತೊಂಬತ್ತೈದ ಅಂದ ಮ್ಯಾಲ ಸರಸಿದ್ರ ಅನಸೂಯಮ್ಮ ಯಾಕ ಅಂತ ಕೇಳ್ತಿದ್ರು. ನಮ್ಮವರಿಗೆ ಕಣ್ಣ ಕಾಣವಲ್ದು ಅಂತ ಹೇಳ್ಲೇನು?"

"ನೇನೂ ಚೂಸಾನು" ಎಂದರು ಅನಸೂಯಮ್ಮ ಸಣ್ಣ ದನಿಯಲ್ಲಿ. ತಾವೂ ನೋಡಿದ್ದರಂತೆ, ಕಮಲಾಳಿಗೆ ನೋವಾದೀತೆಂದು ಸುಮ್ಮನಿದ್ದರಂತೆ. ಕಮಲಾ ಈಗ ತಲೆಯೆತ್ತಿ ಅವರನ್ನು ನೋಡಿದಳು. ಒಬ್ಬರಿಂದೊಬ್ಬರು ಮುಚ್ಚಿಟ್ಟದ್ದು ಒಂದೇ ಅಂಕಿ ಎಂದು ಇಬ್ಬರಿಗೂ ಅದೇ ಆಗ ತಿಳಿದದ್ದು. ಮೊದಲು ಯಾರು ನಕ್ಕರೆಂದು ನಾನು ಖಚಿತವಾಗಿ ಹೇಳಲಾರೆ.

"ನನ್ನ ಅವ್ವ?" ಎಂದೆ.

"ಅತ್ತಿಯವರದು ನಲವತ್ತಿತ್ತು. ನೀವು ತೊಂಬತ್ತ ಓದಿದ್ರಿ."

"ನಿಮ್ಮಣ್ಣ?"

"ಬಿಡ್ರಿ ಈಗ."

ಮಂಜಾದ ಕಡೆ ಕಣ್ಣು ತನಗೆ ಬೇಕಾದ ಅಂಕಿಯನ್ನೇ ತುಂಬಿಕೊಳ್ಳುತ್ತದೆಂದು ಇನ್‌ಸ್ಪೆಕ್ಟರಿಗೆ ಮೊದಲ ವರ್ಷವೇ ಕಲಿಸುತ್ತಾರೆ. ನಾನು ಆ ಪಾಠವನ್ನು ಇತರರಿಗೂ ಕಲಿಸಿದ್ದೆ. ನನ್ನನ್ನು ಅಲುಗಾಡಿಸಿದ್ದು ಅದಲ್ಲ. ಗಂಡನ ಮಾತು ಬೀಳಬಾರದೆಂದು ಗಂಡನನ್ನೇ ಬೀಳಗೊಟ್ಟ ಹೆಂಗಸನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕಂಡಾಗ ಅವಳು ಸೊಪ್ಪು ಬಿಡಿಸುತ್ತಿದ್ದಳು.

ಹಾಗೆಂದು ನನ್ನ ಹೆದರಿಕೆ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ತೊಂಬತ್ತೈದು ತಪ್ಪಿದ್ದನ್ನು ನಾನು ಕಂಡಿರಲಿಲ್ಲ, ಸರಿ. ಆದರೆ ಉಳಿದ ಐದು ಎಲ್ಲಿಗೂ ಹೋಗಿರಲಿಲ್ಲ. ನಾನು ಆಸ್ಪತ್ರೆಗೆ ಫೋನು ಮಾಡಿದ್ದು ಧೈರ್ಯದಿಂದಲ್ಲ. ಹೀಗೇ ಮುಂದುವರಿದರೆ ಕಮಲಾ ನನ್ನ ಓದಿನ ಮೇಲೆ ಇನ್ನೂ ಯಾರಾರನ್ನು ಕಳೆದುಕೊಳ್ಳುತ್ತಾಳೋ ಎಂಬ ನಾಚಿಕೆಯಿಂದ.

ಮೇಜಿನ ಮೇಲೆ ಮಲಗಿಸಿ, ಮುಖ ಮುಚ್ಚಿ, ಒಂದು ಕಣ್ಣಿನಷ್ಟು ಜಾಗ ಬಿಟ್ಟರು. ಮೇಲೆ ದೊಡ್ಡ ಬೆಳಕು. ಡಾಕ್ಟರಮ್ಮ ಅಲುಗಾಡಬೇಡಿ ಎಂದರು. ನಾನು ದೈತ್ಯನನ್ನು ನೆನೆದುಕೊಂಡು, ಅವನಂತೆಯೇ ಉಸಿರಾಡುತ್ತ, ಸುಮ್ಮನೆ ಕಾದೆ. ಸರದಿ ಅವರದಾಗಿತ್ತು. ಬದುಕಿನಲ್ಲಿ ಇನ್ನೊಬ್ಬರ ಸರದಿಯಲ್ಲಿ ಮೂಗು ತೂರಿಸದೆ ಪೂರ್ತಿ ಕಾದದ್ದು ಅದೊಂದೇ ಸಲವಿರಬೇಕು.

ಕಣ್ಣು ಬಂತು. ಮರುದಿನ ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಕಮಲಾಳ ಮುಖ. ಅದರಲ್ಲಿ ನನಗೆ ಗೊತ್ತಿಲ್ಲದ ಕೆಲವು ಗೆರೆಗಳಿದ್ದವು. ವರದಿ ಮಾಡಲಿಲ್ಲ.

ಈಗ ಅಂಕಿಗಳನ್ನು ಸರಿಯಾಗಿ ಓದುತ್ತೇನೆ. ಆದರೂ ನಾವು ಆಗಾಗ ಸೋಲುತ್ತೇವೆ, ಆಟ ಅಷ್ಟು ಕಠಿಣ. ಹೊಸ ಸಿಪಾಯಿಗೆ ನನ್ನ ಹೆಸರು ಮತ್ತೆ ಯಾಕಿಡಲಿಲ್ಲ ಎಂದು ಕೇಳಿದ್ದೆ. "ಇರೋ ಒಬ್ಬಾವನ್ನ ಸಂಭಾಳಿಸೋದ ಸಾಕಾಗೇತ್ರಿ" ಎಂದಳು. ಮನೆಗೆ ಬಂದ ನೆಂಟರು ಗುರುನಾಥ ಎಲ್ಲಿ, ಹೇಗೆ ಹೋದ ಎಂದು ವಿಚಾರಿಸುವುದುಂಟು. ಅವನು ಹೋದದ್ದನ್ನು ನನ್ನ ಹೊರತು ನೋಡಿದವರು ಇಬ್ಬರು: ನನ್ನ ಹೆಂಡತಿ ಕಮಲಾ, ಪಕ್ಕದ ಮನೆಯ ಅನಸೂಯಮ್ಮ. ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ, ಇಬ್ಬರ ಕಣ್ಣೂ ಚೆನ್ನಾಗಿವೆ. ಬೇಕಾದರೆ ಬೇರೆ ಬೇರೆಯಾಗಿ ಕೇಳಿ ನೋಡಿ. ಅಂಕಿ ತೊಂಬತ್ತೈದೇ ಇತ್ತು ಎಂದು ಇಬ್ಬರೂ ಆಣೆ ಮಾಡಿ ಹೇಳುತ್ತಾರೆ.