ಹುರುಳಿಯ ಮೇಲೊಂದು ಸುತ್ತು

ಕಾರಿನ ಎಡಗಡೆಯ ಸೀಟಿನ ಮೇಲೆ ತುಸು ಭಾರವಾದ ತರಕಾರಿ ಚೀಲವನ್ನಿಟ್ಟು ಹೊರಟರೆ ಕಾರು ಟಿಣ್ ಟಿಣ್ ಎಂದು ಕೂಗತೊಡಗುತ್ತದೆ. ಯಾರೋ ಬಂದು ಕೂತಿದ್ದಾರೆ, ಬೆಲ್ಟು ಹಾಕಿಕೊಂಡಿಲ್ಲ, ಅವರಿಗೆ ಸ್ವಲ್ಪ ಹೇಳಬಾರದೇ ಎಂಬುದು ಅದರ ಕಳಕಳಿ. ಕಾರುಳ್ಳ ಓದುಗರಿಗೆ ಇದು ತಿಳಿದ ಸಂಗತಿಯೇ. ನೀವಾದರೆ ಶಪಿಸುತ್ತ ಚೀಲವನ್ನು ಕೆಳಗಿಡುತ್ತೀರಿ. ನಾನು ಇಡುತ್ತಿರಲಿಲ್ಲ. ಕೊಟ್ಟೂರಿನ ಮಾರುಕಟ್ಟೆಯಿಂದ ರೈಲ್ವೆ ಗೇಟಿನವರೆಗೂ ಅದನ್ನು ಮನಸಾರೆ ಕೂಗಲು ಬಿಟ್ಟು, ಆಮೇಲೆ ಬದಿಗೆ ನಿಲ್ಲಿಸಿ, ಬದನೆಕಾಯಿ ಹೀರೆಕಾಯಿಗಳ ಆ ಚೀಲಕ್ಕೆ ಸಾವಕಾಶವಾಗಿ ಬೆಲ್ಟು ತೊಡಿಸಿ, "ಆತು ತಾಯಿ, ಹಾಕೀನಿ" ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಆ ಸೀಟಿನಲ್ಲಿ ಕೂರುತ್ತಿದ್ದ ನನ್ನ ಹೆಂಡತಿ ವಿಮಲಾ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಇಡೀ ದಿನದಲ್ಲಿ ನಾನು ಬಾಯಿಬಿಟ್ಟು ಆಡುತ್ತಿದ್ದ ಮಾತು ಎಷ್ಟೋ ಸಲ ಅದೊಂದೇ.

ನಾನು ನಿವೃತ್ತ ಕನ್ನಡ ಅಧ್ಯಾಪಕ. ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಂದು ಹಕಾರದ ಪ್ರಾಸ ತಪ್ಪದಂತೆ ವರ್ಗವಾಗುತ್ತ, ಮನೆಯನ್ನು ಮಾತ್ರ ಕೊಟ್ಟೂರಿನಲ್ಲೇ ಇಟ್ಟುಕೊಂಡು, ಬೆಳಗ್ಗೆ ಹೋಗಿ ಸಂಜೆ ಬರುತ್ತಿದ್ದವನು. ಊರಿನಲ್ಲಿ ಮಲಗುತ್ತಿದ್ದೆನೇ ಹೊರತು ಊರಿನಲ್ಲಿದ್ದೆನೆಂದು ಹೇಳುವ ಹಾಗಿಲ್ಲ. ನಿವೃತ್ತಿಯಾದ ಮೇಲೂ, ಮಗಳು ಶಿವಮೊಗ್ಗದ ಗಂಡನ ಮನೆಯಿಂದ ಭಾನುವಾರ ಮಾಡುವ ಫೋನಿನ ಹೊರತು ಮತ್ತಾವ ಶಬ್ದವೂ ಇಲ್ಲದ ಮನೆಗೆ ಬೀಗ ಹಾಕಿ, ಕೂಡ್ಲಿಗಿಯ ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ ಸುಮ್ಮನೆ ವಾಪಸು ಬರುವುದು ನನ್ನ ಸಾಯಂಸಂಧ್ಯೆಯಾಗಿತ್ತು. ಪೆಟ್ರೋಲನ್ನು ಸುಟ್ಟು ಹೊತ್ತನ್ನು ಕಳೆಯುವ ಈ ಯಜ್ಞಕ್ಕೆ ಪೂರ್ಣಾಹುತಿ ಬಾಕಿಯಿತ್ತು. ಅದೂ ಒಂದು ದಿನ ಆಯಿತು.

ನಮ್ಮ ಕಡೆ ಸುಗ್ಗಿಯ ಕಾಲಕ್ಕೆ ಬಂದವರು ನೋಡಿರುತ್ತೀರಿ. ಕಣ ಮಾಡಿ, ಸಾರಿಸಿ, ಎತ್ತು ಕಟ್ಟಿ ಒಕ್ಕುವ ವ್ಯವಧಾನ ಈಗ ಯಾರಿಗೂ ಇಲ್ಲವಾದ್ದರಿಂದ ಕಿತ್ತ ಹುರುಳಿಯನ್ನು ಬಳ್ಳಿಸಮೇತ ತಂದು ಡಾಂಬರು ರಸ್ತೆಯ ಮೇಲೆ ಹಾಸುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರುಗಳು ಅದರ ಮೇಲೆ ಹಾದಂತೆಲ್ಲ ಕಾಯಿ ಒಡೆದು ಕಾಳು ಉದುರುತ್ತದೆ. ಬದಿಯಲ್ಲಿ ಸೆರಗು ಹೊದ್ದು ಕೂತ ಹೆಂಗಸರು ನಡುನಡುವೆ ಎದ್ದು ಅದನ್ನು ಕೋಲಿನಿಂದ ಮಗುಚುತ್ತಾರೆ. ಇದು ತಪ್ಪು, ಅಪಾಯ ಎಂದು ಎಲ್ಲರೂ ಹೇಳುತ್ತಾರೆ, ಎಲ್ಲರೂ ಹಾಸುತ್ತಾರೆ. ಇದಕ್ಕೊಂದು ಅಲಿಖಿತ ಶಿಷ್ಟಾಚಾರವೂ ಉಂಟು: ಬದಿಗೆ ಸರಿದು ಬಳ್ಳಿಯನ್ನು ತಪ್ಪಿಸಿ ಹೋಗುವವನು ಸಣ್ಣ ಮನಸ್ಸಿನವನು, ಸಾವಕಾಶವಾಗಿ ಅದರ ಮೇಲೆಯೇ ಹಾಯಿಸುವವನು ಸಜ್ಜನ. ನಾನು ಸಜ್ಜನನಾಗಿದ್ದೆ.

ಆ ಸಂಜೆ ನನ್ನ ಕಾರು ಬಳ್ಳಿಯ ಮೇಲೆ ಹಾಯುತ್ತಿದ್ದಂತೆ ಬದಿಯಲ್ಲಿದ್ದ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಂಗಸೊಬ್ಬಳು ಕೈಯೆತ್ತಿ, ನಗುನಗುತ್ತ, "ಇನ್ನೊಂದು ಸುತ್ತು ಹೊಡ್ಯರಿ ಸರ, ಪುಣ್ಯ ಬರತೈತಿ!" ಎಂದು ಕೂಗಿದಳು. ಚೇಷ್ಟೆಯ ಮಾತು, ಹಾದುಹೋಗುವ ಎಲ್ಲರಿಗೂ ಕೂಗುವಂಥದು. ಬಸ್ಸಿನ ಡ್ರೈವರನಾಗಿದ್ದರೆ ಹಾರನ್ನು ಬಾರಿಸಿ ಹೋಗಿಬಿಡುತ್ತಿದ್ದ. ನನ್ನನ್ನು ಉದ್ದೇಶಿಸಿ, ನನ್ನ ಮುಖ ನೋಡಿ, ನಕ್ಕು, ಒಬ್ಬರು ಏನನ್ನಾದರೂ ಮಾಡು ಎಂದು ಕೇಳಿ ಎಷ್ಟು ಕಾಲವಾಗಿತ್ತೋ! ನಾನು ಕಾರು ತಿರುಗಿಸಿದೆ. ಮತ್ತೆ ಹಾಯಿಸಿದೆ. ಅವಳು ಇನ್ನೂ ಜೋರಾಗಿ ನಕ್ಕಳು. ನಾನು ಇನ್ನೊಮ್ಮೆ ತಿರುಗಿಸಿದೆ. ಅರವತ್ತು ದಾಟಿದ ಮನುಷ್ಯ ಹುರುಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಕಾರು ಓಡಾಡಿಸಿದ್ದನ್ನು ನೆನೆದರೆ ನಾಚಿಕೆಯಾಗುತ್ತದೆ, ಆದರೆ ಆ ಹೊತ್ತಿನಲ್ಲಿ ಆದ ಖುಷಿಯನ್ನು ಇಲ್ಲವೆನ್ನಲಾರೆ.

ಒಣ ಬಳ್ಳಿ ಕಾರಿನ ಅಡಿಯಲ್ಲಿ ಸುತ್ತಿಕೊಂಡು, ಬಿಸಿಯಾದ ಹೊಗೆ ಕೊಳವೆಗೆ ತಗುಲಿ, ಮೊದಲು ಹೊಗೆಯಾಯಿತು, ಆಮೇಲೆ ಬೆಂಕಿ. "ಇಳೀರಿ ಸರ, ಇಳೀರಿ!" ಎಂದು ಅವಳು ಬಾಯಿ ಬಡಿದುಕೊಳ್ಳುತ್ತಿದ್ದರೆ ನಾನು ತರಕಾರಿ ಚೀಲದ ಬೆಲ್ಟು ಬಿಚ್ಚುತ್ತಿದ್ದೆ. ಅವಳೂ ಜೊತೆಗಿದ್ದ ಅವಳ ಸೊಸೆಯೂ ಮಣ್ಣು ತೂರಿದರು, ಕುಡಿಯಲು ತಂದಿದ್ದ ಕೊಡದ ನೀರನ್ನು ಎರಚಿದರು, ಬೆಂಕಿ ಯಾವುದಕ್ಕೂ ಬಗ್ಗಲಿಲ್ಲ. ಅಂಥ ಸಂಕಟದ ನಡುವೆಯೂ ಹುರಿದ ಹುರುಳಿಯ ಘಮ ಮೂಗಿಗೆ ಬಡಿದದ್ದು ನೆನಪಿದೆ. ಜನ ಸೇರಿ, ಪೊಲೀಸರು ಬರುವ ಹೊತ್ತಿಗೆ ಆ ಹೆಂಗಸು ಉಳಿದಷ್ಟನ್ನು ಗುಡಿಸಿಕೊಂಡು ಕಾಣದಾಗಿದ್ದಳು. ಯಾರ ಬಳ್ಳಿ ಎಂದು ಪೊಲೀಸಿನವನು ಕೇಳಿದಾಗ ನಾನು ನೋಡಲಿಲ್ಲವೆಂದೆ. ಅಹಂಕಾರದಲ್ಲಿ ಕಾರು ಸುಟ್ಟುಹೋದರೆ ಉಳಿಯುವುದು ಅಹಂ, ಎಂದರೆ ನಾನು, ನಾನೊಬ್ಬನೇ. ಈ ಭಾಷಾವಿಜ್ಞಾನವನ್ನು ಅಭ್ಯಸಿಸುತ್ತ ಆ ದಿನ ಚೀಲ ಹಿಡಿದು ನಡೆದೇ ಮನೆಗೆ ಬಂದೆ.

ಇನ್ನೊಂದು ಕಾರು ಕೊಳ್ಳುವ ಉಮೇದು ಬರಲಿಲ್ಲ. ಹಿತ್ತಲಿನ ಮಾಡಿನಲ್ಲಿ ಮಗಳು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದ ಸೈಕಲ್ಲಿತ್ತು. ಮುಂದೆ ಬುಟ್ಟಿ, ನಡುವೆ ಬಾಗಿದ ಕಂಬಿ, ಸರ್ವಾಂಗವೂ ಸ್ತ್ರೀಲಿಂಗ. ಟ್ಯೂಬು ಹಾಕಿಸಿ, ಎಣ್ಣೆ ಬಿಡಿಸಿ ಹತ್ತಿದೆ. ಸೈಕಲ್ ತುಳಿಯುವುದನ್ನು ಮರೆಯುವುದಿಲ್ಲವೆಂದು ಹೇಳುತ್ತಾರಲ್ಲ, ಅದು ನಿಜ. ಆದರೆ ಇಳಿಯುವುದು ಮರೆತಿರುತ್ತದೆ. ಮೊದಲ ದಿನ ಬೇಲಿಯ ಮೇಲೆ ಇಳಿದೆ.

ಕಾರಿನಲ್ಲಿದ್ದಾಗ ಬರುತ್ತಿದ್ದ ನಮಸ್ಕಾರಗಳು ನನಗಲ್ಲ, ಕಾರಿಗೆ ಎಂಬುದು ವಾರದೊಳಗೆ ತಿಳಿಯಿತು. ಅರ್ಧದಷ್ಟು ಜನ ಗುರುತೇ ಹಿಡಿಯಲಿಲ್ಲ. ಗುರುತು ಹಿಡಿದವರು ಮಾತ್ರ ದನಿ ತಗ್ಗಿಸಿ, "ಯಾಕ್ರಿ ಸರ, ಶುಗರ್ ಬಂತೇನ್ರಿ?" ಎಂದು ಕೇಳಿದರು. ವಯಸ್ಸಾದವನು ಸೈಕಲ್ ಹತ್ತಿದರೆ ಅದಕ್ಕೆ ಮಧುಮೇಹವಲ್ಲದೆ ಬೇರೆ ಕಾರಣ ನಮ್ಮೂರಿನ ಕಲ್ಪನೆಗೆ ನಿಲುಕದು. ಇಲ್ಲವೆಂದರೆ ನಂಬದೆ ಹಾಗಲಕಾಯಿ ರಸ ಹೇಳಿಕೊಟ್ಟರು. ಕೊನೆಗೆ ಹೌದೆನ್ನುವುದೇ ಸುಲಭವಾಯಿತು.

ಆದರೆ ಊರು! ಕಾರಿನ ಅಗಲದಷ್ಟು ಮಾತ್ರ ಊರೆಂದು ನಾನು ಇಷ್ಟು ವರ್ಷ ನಂಬಿದ್ದೆನಲ್ಲ. ಅದಕ್ಕಿಂತ ಕಿರಿದಾದ ಓಣಿಗಳಲ್ಲೇ ಊರು ವಾಸವಾಗಿತ್ತು. ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆಯವರೆಗೆ ನೆಲ ಏರುತ್ತದೆಂದು ಮೊಣಕಾಲು ಹೇಳುವವರೆಗೆ ಗೊತ್ತಿರಲಿಲ್ಲ. ಒಂದು ತಿರುವಿನಲ್ಲಿ ಮಂಡಕ್ಕಿ ಹುರಿಯುವ ಬಿಸಿ ಮರಳಿನ ವಾಸನೆ. ಇನ್ನೊಂದರಲ್ಲಿ ಕಂಬಳಿ ನೇಯುವವರ ಮನೆಯೆದುರು ಹಾಸುನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ಹುಳಿ ವಾಸನೆ. ರೈಲ್ವೆ ಗೇಟು ಹಾಕಿದಾಗ ಕಾರಿನವರು ಗಾಜು ಏರಿಸಿಕೊಂಡು ಫೋನು ನೋಡುತ್ತಾರೆ. ಸೈಕಲ್ಲಿನವರು ಒಂದು ಕಾಲು ನೆಲಕ್ಕೂರಿ ಮಾತಿಗೆ ತೊಡಗುತ್ತಾರೆ. ಆ ಮಾತುಗಳನ್ನು ಕೇಳುತ್ತ ನಿಲ್ಲುತ್ತಿದ್ದೆ. ಒಳಗೆ ಸೇರುವ ಕಲೆ ಮಾತ್ರ ನನಗೆ ಒಲಿಯಲಿಲ್ಲ. ಬಾಯಿ ತೆರೆದರೆ ಉಪನ್ಯಾಸವಾಗುತ್ತಿತ್ತು, ಅಷ್ಟರಲ್ಲಿ ಗೇಟು ತೆರೆಯುತ್ತಿತ್ತು. ಊರು ಹತ್ತಿರವಾದಷ್ಟೂ ಅದರಲ್ಲಿ ನನ್ನವರು ಯಾರೂ ಇಲ್ಲವೆಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಗಾಜಿನ ಒಳಗಿನ ಒಂಟಿತನಕ್ಕಿಂತ ಗಾಳಿಯಲ್ಲಿನ ಒಂಟಿತನ ಹೆಚ್ಚು ಚಳಿಯದು, ನಿಜ ಹೇಳುತ್ತೇನೆ.

ಹೀಗೆ ತಿರುಗುತ್ತಿದ್ದಾಗಲೇ, ಕೂಡ್ಲಿಗಿ ರಸ್ತೆಯ ಬದಿಯ ಒಂದು ಓಣಿಯಲ್ಲಿ, ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತ ಆ ಹೆಂಗಸು ಕಂಡಳು. ನನ್ನನ್ನು ನೋಡಿದ್ದೇ ತಡ, ಮೊರ ಎತ್ತಿಕೊಂಡು ಒಳಹೋಗಿ ಬಾಗಿಲು ಹಾಕಿಕೊಂಡಳು. ಮರುದಿನವೂ ಅಷ್ಟೇ. ಅವಳ ಹೆಸರು ಕೊಟ್ರಮ್ಮ ಎಂದು ಪಕ್ಕದ ಅಂಗಡಿಯವನಿಂದ ತಿಳಿಯಿತು. ಕಾರು ಸುಟ್ಟದ್ದಕ್ಕೆ ನಾನು ಕೇಸು ಹಾಕುತ್ತೇನೆಂಬ ಭಯವಿರಬೇಕು. ಬೇರೆ ಓಣಿಯಲ್ಲಿ ಹೋಗಬಹುದಿತ್ತು, ಹೋಗಲಿಲ್ಲ. ಇಡೀ ಊರಿನಲ್ಲಿ ನಾನು ಬಂದೆನೆಂಬ ಕಾರಣಕ್ಕೆ ಏನಾದರೊಂದು ಮಾಡುತ್ತಿದ್ದವಳು ಅವಳೊಬ್ಬಳೇ. ಆದರೆ ನನ್ನನ್ನು ನೋಡಿ ನಕ್ಕ ಮುಖವೇ ನನ್ನನ್ನು ನೋಡಿ ಬಾಗಿಲು ಹಾಕುತ್ತದೆಂಬುದು ಸಹಿಸುವಂಥದಾಗಿರಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲವೆಂದು ಹೇಗಾದರೂ ಹೇಳಿಬಿಡಬೇಕು. ಆ ಒಂದು ಬಾಗಿಲು ತೆರೆದರೆ ಸಾಕು ಎನ್ನಿಸತೊಡಗಿತು.

ಒಂದು ಸಂಜೆ ಧೈರ್ಯ ಮಾಡಿ, ಮುಚ್ಚಿದ ಬಾಗಿಲಿಗೆ ಕೇಳಲೆಂದು, ತರಗತಿಯ ಕೊನೆಯ ಬೆಂಚಿಗೆ ಮುಟ್ಟುವ ನನ್ನ ಹಳೆಯ ಕಂಠದಲ್ಲಿ, "ಕೊಟ್ರಮ್ಮಾರ, ನಾನು ಕೇಸು ಹಾಕಿಲ್ಲರೀ!" ಎಂದು ಕೂಗಿದೆ. ಆ ಬಾಗಿಲೊಂದನ್ನು ಬಿಟ್ಟು ಓಣಿಯ ಎಲ್ಲ ಬಾಗಿಲುಗಳೂ ತೆರೆದವು. "ಏನಂತ್ಲೇ?" "ಕೇಸಂತಲೇ, ಕೊಟ್ರವ್ವನ ಮ್ಯಾಲೆ!" ಕೊನೆಯಲ್ಲಿದ್ದ ನನ್ನ 'ಇಲ್ಲ'ವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಂದಿನಿಂದ ನನ್ನ ಸೈಕಲ್ಲಿನ ಗಂಟೆ ಕೇಳಿದರೆ ಅಂಗಡಿಯವನೂ ಬೆನ್ನು ತಿರುಗಿಸಿ ಡಬ್ಬಿಗಳನ್ನು ಒರೆಸತೊಡಗಿದ. ನಾನು ಆ ಓಣಿಯನ್ನು ಬಿಟ್ಟೆ. ಮಳೆಗಾಲ ಹೋಯಿತು, ಚಳಿ ಬಂತು, ಭಾನುವಾರಗಳಂದು ಮಗಳಿಗೆ ಆರಾಮಿದ್ದೇನೆಂದು ಹೇಳಿದೆ.

ಮತ್ತೆ ಹುರುಳಿ ಬಂತು. ಕೂಡ್ಲಿಗಿ ರಸ್ತೆಯಲ್ಲಿ, ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಬಳ್ಳಿ ಹಾಸಿತ್ತು. ಬದಿಯಲ್ಲಿ ಕೋಲು ಹಿಡಿದು ಕೊಟ್ರಮ್ಮ ಒಬ್ಬಳೇ ನಿಂತಿದ್ದಳು. ನನ್ನನ್ನು ಕಂಡು ಅತ್ತಿತ್ತ ನೋಡಿದಳು. ರಸ್ತೆಗೆ ಬಾಗಿಲಿಲ್ಲವಲ್ಲ! ಹೇಳಬೇಕೆಂದು ವರ್ಷವಿಡೀ ಜೋಡಿಸಿಟ್ಟಿದ್ದ ವಾಕ್ಯಗಳೆಲ್ಲ ಆ ಕ್ಷಣಕ್ಕೆ ಕೈಕೊಟ್ಟವು. ಬದಿಗೆ ಸರಿದು ಹೋದರೆ ಸಿಟ್ಟಿದೆಯೆಂದಾಗುತ್ತದೆ ಎಂಬುದೊಂದೇ ಹೊಳೆದು, ಸೈಕಲ್ಲನ್ನು ಬಳ್ಳಿಯ ಮೇಲೆಯೇ ಹತ್ತಿಸಿದೆ. ಸೈಕಲ್ಲಿನಿಂದ ಹುರುಳಿ ಒಕ್ಕಿದವರು ಲೋಕದಲ್ಲಿ ಯಾರಾದರೂ ಇದ್ದಾರೆಯೇ? ನಾಲ್ಕು ಮಾರು ಹೋಗುವಷ್ಟರಲ್ಲಿ ಬಳ್ಳಿ ಚೈನಿಗೆ ಸುತ್ತಿ, ಚಕ್ರ ಕಚ್ಚಿಕೊಂಡು, ಬುಟ್ಟಿ, ಗಂಟೆ, ಕನ್ನಡಕಗಳ ಸಮೇತ ನಾನು ಹುರುಳಿಯ ಮೇಲೆ ಬಿದ್ದೆ.

"ಅಯ್ಯ ನನ್ನ ಶಿವನ! ಇದನ್ನೂ ಸುಡಾಕ ಬಂದ್ರೇನ್ರಿ?" ಎಂಬ ದನಿ ಕೇಳಿತು. ಮರುಕ್ಷಣ ಅವಳೇ ನಾಲಿಗೆ ಕಚ್ಚಿಕೊಂಡಳು. ನಾನು ಮಲಗಿದಲ್ಲಿಂದಲೇ ನಗತೊಡಗಿದೆ. ತಡೆಯಲು ನೋಡಿ ನೋಡಿ ಅವಳೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಕ್ಕು ಮುಗಿಯುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. "ನನ್ನ ಬಾಯಿ ಸುಮ್ಕಿದ್ರ ನಿಮ್ಮ ಕಾರು ಉಳೀತಿತ್ರಿ. ಇನ್ನೊಂದು ಸುತ್ತು ಹೊಡ್ಯರಿ ಅಂತ ಕೂಗಿದಾಕಿ ನಾನ. ಯಾವ ಮಾರಿ ಹೊತ್ತು ಎದ್ರಿಗೆ ನಿಂದರ್ಲಿ?" ಎಂದಳು.

ನನಗಿದು ಹೊಳೆದೇ ಇರಲಿಲ್ಲ. ಅವಳು ಅಂಜಿದ್ದು ಕೇಸಿಗಲ್ಲ, ನನ್ನ ಮುಖಕ್ಕೆ. ಚಕ್ರದಿಂದ ಬಳ್ಳಿಯನ್ನು ಎಳೆಯುತ್ತ ಕೂತ ಅವಳಿಗೆ, ಉಪನ್ಯಾಸವಾಗದ ಹಾಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: "ನೀವು ಕರೆದ್ರಿ ಅಂತ ಖುಷಿಯಾತು, ಅದಕ್ಕ ತಿರುಗಿಸಿದೆ. ನನ್ನ ಯಾರೂ ಕರೆಯೋದಿಲ್ಲರಿ."

ಕೈ ನಿಲ್ಲಿಸಿ ಕೇಳಿದಳು. "ಮನ್ಯಾಗ ಯಾರದಾರ್ರಿ?"

"ಯಾರೂ ಇಲ್ಲರಿ. ನಮ್ಮಾಕಿ ಹೋಗಿ ಮೂರು ವರ್ಷಾತು."

ಕೊಟ್ರಮ್ಮ ಮತ್ತೆ ಚಕ್ರದತ್ತ ಬಾಗಿ ಉಳಿದ ಬಳ್ಳಿಯನ್ನು ಎಳೆದು ತೆಗೆದಳು. ಚೈನನ್ನು ಹಲ್ಲಿಗೆ ಕೂರಿಸುವುದು ಇಬ್ಬರಿಗೂ ಬಾರದೆ ಕೈಯೆಲ್ಲ ಕರಿ ಮಾಡಿಕೊಂಡು, ಹೇಗೋ ಕೂರಿಸಿದೆವು. ಆಮೇಲೆ ಅವಳು ಎದ್ದು, ಒಕ್ಕಿ ರಾಶಿ ಮಾಡಿದ್ದ ಹುರುಳಿಯನ್ನು ಮೊರದಲ್ಲಿ ತೂರಿ, ಒಂದು ಕೈಚೀಲಕ್ಕೆ ತುಂಬಿ, ಬೇಡವೆಂದರೂ ಕೇಳದೆ ಕ್ಯಾರಿಯರಿಗೆ ಹಗ್ಗ ಸುತ್ತಿ ಕಟ್ಟಿದಳು. "ಕಟ್ಟು ಬಸ್ದು ಸಾರು ಮಾಡ್ರಿ. ಮಾಡಾಕ ಬರದಿದ್ರ ನಮ್ಮ ಮನಿಗೆ ಬರ್ರಿ, ಬಾಗ್ಲ ತೆರದ ಇರತೈತಿ" ಎಂದಳು, ಬೇರೆಡೆ ನೋಡುತ್ತ.

ಸೈಕಲ್ ಹತ್ತಿ ಹೊರಟೆ. ಹಿಂದಿನ ಸೀಟಿನ ಮೇಲೆ ಚೀಲ. ಸೈಕಲ್ಲಿಗೆ ಅದರ ಪರಿವೆಯಿಲ್ಲ, ಅದು ಟಿಣ್ ಎನ್ನುವುದಿಲ್ಲ. ಆದರೆ ಬೆನ್ನ ಹಿಂದಿನಿಂದ ಕೂಗು ಬಂತು: "ಬಿಗಿ ಐತೇನ್ರಿ? ನೋಡ್ಕೊಳ್ರಿ, ಬಿದ್ದೀತು!" ಸ್ವಲ್ಪ ದೂರ ಹೋದ ಮೇಲೆ ಮತ್ತೆ, ಇನ್ನೂ ಜೋರಾಗಿ: "ಸರ, ಬಿಗಿ ಐತೇನ್ರಿ?"

ಕೈ ಹಿಂದೆ ಚಾಚಿ ಮುಟ್ಟಿ ನೋಡಿದೆ. ಹಗ್ಗ ಕಲ್ಲಿನಷ್ಟು ಬಿಗಿಯಾಗಿತ್ತು. ನಾನು ಸೈಕಲ್ಲಿನಿಂದ ಇಳಿದು, ಅದನ್ನು ತಿರುಗಿಸಿ, ತಳ್ಳಿಕೊಂಡು ವಾಪಸು ಹೋಗಿ, "ಒಂಚೂರು ಸಡ್ಲ ಆದಂಗೈತಿ, ನೋಡ್ರಿ" ಎಂದೆ.