ಬೆಳ್ಳುಳ್ಳಿ ಕಪ್ಪಾಗಲಿಲ್ಲ

ಅಣಬೆ ಸಾರಿನಲ್ಲಿ ಬೆಳ್ಳುಳ್ಳಿ ಬೇಯುವ ವಾಸನೆ ಇವತ್ತು ಸಂಜೆ ಮತ್ತೆ ಅಡುಗೆಮನೆಯಿಂದ ಬಂತು.

ನಾನು ಚಿಕ್ಕವನಿದ್ದಾಗ ಮಳೆ ನಿಂತ ಮಾರನೆಯ ದಿನ ಅಜ್ಜಿ ಕುಂತೂರಿನ ಕಬ್ಬಿನ ಬದುಗಳಿಂದ ಮಡಿಲು ತುಂಬ ಅಣಬೆ ತರುತ್ತಿದ್ದಳು. ಸಾರಿಗೆ ಸುಲಿದ ಬೆಳ್ಳುಳ್ಳಿ ಹಾಕುವುದೇ ಅವಳ ಪರೀಕ್ಷೆ. ಅದು ಕಪ್ಪಾದರೆ ವಿಷ, ಬೆಳ್ಳಗಿದ್ದರೆ ಊಟ.

"ಬೆಳ್ಳುಳ್ಳಿ ಡಾಕ್ಟ್ರು ಏನಂದ್ರವ್ವಾ?" ಎಂದು ಒಂದು ಮಳೆಗಾಲದ ದಿನ ಚಿಕ್ಕಪ್ಪ ಎಂದಿನಂತೆ ರೇಗಿಸಿದ.

"ಬೆಳ್ಳಗವ್ರೆ. ಬಾಯ್ ಮುಚ್ಕಂಡು ಉಣ್ಣು ಬಾ ಕಣ್ಲಾ!"

ನನಗೆ ಜ್ವರ, ಗಂಜಿ ಕೊಟ್ಟಿದ್ದರು. ಸಾರನ್ನೆಲ್ಲ ಚಿಕ್ಕಪ್ಪನೇ ಬಳಿದುಕೊಂಡ. ಸಂಜೆಗೆ ಅವನಿಗೆ ವಾಂತಿ ಶುರುವಾಯಿತು. ಆಸ್ಪತ್ರೆ ಸೇರಿದವನು ಜೀವಂತ ಮರಳಲಿಲ್ಲ.

"ನನ್ ಮಗಂಗೆ ಯಾರ್ ಕಣ್ಣು ತಾಕ್ತೋ," ಎಂದು ಅಜ್ಜಿ ಎದೆ ಬಡಿದುಕೊಂಡಳು. ಬೆಳ್ಳುಳ್ಳಿಯನ್ನು ಯಾರೂ ಅನುಮಾನಿಸಲಿಲ್ಲ.

ಸ್ಕೂಲು ಮುಗಿಸಿ ಕಾಲೇಜು ಸೇರಿದ ಮೇಲೆ ನನಗೆ ಅಣಬೆಯ ಹುಚ್ಚು ಹಿಡಿದಿದೆ. ಬೆಳಗ್ಗೆ ಅಜ್ಜಿ ತಂದದ್ದರಲ್ಲಿ ಒಂದರ ಕೊಡೆಯನ್ನು ಬಿಳಿ ಕಾಗದದ ಮೇಲೆ ಇಟ್ಟು ಲೋಟ ಕವುಚಿದ್ದೆ. ಉದುರುವ ಪುಡಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಆಸೆ. ವಾಸನೆ ಬಂದೊಡನೆ ಲೋಟ ಎತ್ತಿದೆ. ಕಾಗದದ ಮೇಲೆ ಹಸಿರು ಅಚ್ಚು ಬಿದ್ದಿತ್ತು. ಹಸಿರು ಪುಡಿ ಉದುರಿಸುವುದು ವಿಷದ ಜಾತಿ.

ಓಡಿಹೋಗಿ ಪಾತ್ರೆ ಇಳಿಸಿ ಕಾಗದ ತೋರಿಸಿದೆ.

"ಬೆಳ್ಳುಳ್ಳಿ ಬೆಳ್ಳಗೇ ಅದೆ ನೋಡ್ಲಾ," ಎಂದಳು ಅಜ್ಜಿ.

"ಬೆಳ್ಳುಳ್ಳಿಗೆ ವಿಷ ಗೊತ್ತಾಗಾಕಿಲ್ಲ ಅಜ್ಜಿ."

ಅವಳು ಆ ಹಸಿರನ್ನೇ ನೋಡುತ್ತ ಕುಳಿತಳು. ಸೌಟು ಇನ್ನೂ ಕೈಯಲ್ಲೇ ಇತ್ತು.

"ಅಂಗಾರೆ ಅವತ್ತು... ನಾನೇ ಉಣ್ಸಿದ್ನೇನ್ಲಾ?"

ನಾನು ಅವಳ ಕೈಯಿಂದ ಸೌಟು ತೆಗೆದುಕೊಂಡು, ಸಾರನ್ನು ಹಿತ್ತಲ ತಿಪ್ಪೆಗೆ ಸುರಿದು ಬಂದೆ.